ಒಂದೇ ಕಂಬಳಿಯೊಳಗೆ ಅರ್ಧ ಗಂಟೆ

ಅಲುಗಾಡದೆ ಕೂರುವುದೂ ಒಂದು ವಿದ್ಯೆ ಎಂದು ನನಗೆ ತಿಳಿದದ್ದು ವೆಲ್ಲಿಂಗಿರಿಯವರನ್ನು ನೋಡಿದ ಮೇಲೆ. ೧೯೮೬ರ ಮಾತು. ನಾನಾಗ ಕೊಯಮತ್ತೂರಿನ ಒಂದು ಜವಳಿ ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದೆ. ವೆಲ್ಲಿಂಗಿರಿ ಕಾರಮಡೈಯ ನೇಕಾರರು. ಹೊಸ ಬಗೆಯ ನೇಯ್ಗೆ ಏನಾದರೂ ಪರೀಕ್ಷಿಸಬೇಕಾದಾಗ ನಮಗೆ ಮಾದರಿ ಬಟ್ಟೆ ನೇಯ್ದು ಕೊಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಉದ್ದ ಕತ್ತು. ಮಾತು ಕಡಿಮೆ. ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು, ಬಿಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವರು. ಚೆನ್ನಾಗಿದೆ ಎಂದರೂ ಅಷ್ಟೇ, ಇಲ್ಲವೆಂದರೂ ಅಷ್ಟೇ.

ಆ ವರ್ಷ ನಮಗೆ ಮೂರು ತಿಂಗಳ ಮಟ್ಟಿಗೆ ಒಂದು ಕ್ಯಾಮೆರಾ ಎರವಲು ಬಂದಿತ್ತು. ಅದು ಬೆಳಕನ್ನು ನೋಡುವ ಕ್ಯಾಮೆರಾ ಅಲ್ಲ, ಶಾಖವನ್ನು ನೋಡುವಂಥದು. ಉರಿಯುವ ಒಲೆಯ ಎದುರು ಮಾರು ದೂರದಲ್ಲಿ ಕೂತರೂ ಮುಖಕ್ಕೆ ಕಾವು ತಟ್ಟುತ್ತದಲ್ಲ, ಹಾಗೆ ನಮ್ಮ ಮೈಯಿಂದಲೂ ಸದಾ ಕಾವು ಹೊರಡುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಈ ಯಂತ್ರಕ್ಕೆ ಕಾಣುತ್ತದೆ. ಪುಟ್ಟ ಪರದೆಯ ಮೇಲೆ ಬಿಸಿಯಾದದ್ದು ಬೆಳ್ಳಗೆ, ತಣ್ಣಗಿರುವುದು ಕಪ್ಪಗೆ. ಆದರೆ ಯಂತ್ರದೊಳಗೆ ಶಾಖವನ್ನು ಗುರುತಿಸುವ ಜೋಳದ ಕಾಳಿನಷ್ಟು ಒಂದು ಭಾಗವಿತ್ತು. ಅದನ್ನು ವಿಪರೀತ ತಣ್ಣಗಿಡದಿದ್ದರೆ ಅದರ ಕಾವೇ ಅದರ ಕಣ್ಣು ಕಟ್ಟಿಬಿಡುತ್ತಿತ್ತು. ಅದಕ್ಕಾಗಿ ಎರಡೆರಡು ಗಂಟೆಗೊಮ್ಮೆ ದ್ರವ ಸಾರಜನಕ ಸುರಿಯಬೇಕು. ಕೊಯಮತ್ತೂರಿನಲ್ಲಿ ಆಗ ಅದು ಸುಲಭವಾಗಿ ಸಿಗುತ್ತಿದ್ದುದು ದನಗಳ ತಳಿ ಕೇಂದ್ರದಲ್ಲಿ. ಹೋರಿಯ ವೀರ್ಯ ಕಾಪಾಡಲು ಅವರು ಇಟ್ಟುಕೊಂಡಿದ್ದನ್ನೇ ನಾವು ಬೆಳಿಗ್ಗೆ ಬೆಳಿಗ್ಗೆ ಹೋಗಿ ಕೇಳಿ ತರುತ್ತಿದ್ದೆವು. ಹೊಗೆಯಾಡುವ ಆ ಅಲ್ಯೂಮಿನಿಯಂ ಕ್ಯಾನನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ವ್ಯಾನಿನಲ್ಲಿ ಕೂರುವುದು ನನ್ನ ಪಾಲಿಗೆ ಬಂದಿತ್ತು.

ಹಿಮದ ಗಡಿಗಳಲ್ಲಿ ಇರುವವರಿಗೆ ಎಂಥ ಕಂಬಳಿ ಕೊಡಬೇಕು ಎಂದು ನೋಡಿ ಹೇಳುವುದು ನಮ್ಮ ಕೆಲಸ. ಮೈಕಾವನ್ನು ಯಾವ ಬಟ್ಟೆ ಎಷ್ಟು ತಡೆಯುತ್ತದೆ, ಎಲ್ಲಿ ಸೋರಗೊಡುತ್ತದೆ ಎಂಬುದನ್ನು ಕ್ಯಾಮೆರಾ ತೋರಿಸುತ್ತದೆ. ಅದಕ್ಕೆ ಚಳಿ ಬೇಕು. ಕೊಯಮತ್ತೂರಿನಲ್ಲಿ ಚಳಿಯನ್ನು ಎಲ್ಲಿಂದ ತರುವುದು? ನಮ್ಮ ಮುಖ್ಯ ಎಂಜಿನಿಯರ್ ಬಾಲಸುಬ್ರಮಣಿಯನ್ ಹುಡುಕಾಡಿ ಮೆಟ್ಟುಪಾಳ್ಯದ ಒಂದು ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಖಾಲಿಯಿದ್ದ ಒಂದು ಕೋಣೆ ಕೇಳಿ ಪಡೆದರು. ಗೋಡೆಗೆ ಒರಗಿಸಿದ ಗೋಣಿಗಳು, ಮಣ್ಣಿನ ವಾಸನೆ, ಮೂರು ನಾಲ್ಕು ಡಿಗ್ರಿಯ ಕೊರೆತ. ನಡುವೆ ಒಂದು ಮರದ ಬೆಂಚು.

ಮೊದಲು ನಮ್ಮ ಸಿಬ್ಬಂದಿಯನ್ನೇ ಕೂರಿಸಿ ನೋಡಿದೆವು. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ತುರಿಕೆ, ಇನ್ನೊಬ್ಬರು ಹತ್ತು ನಿಮಿಷಕ್ಕೆ ಎದ್ದು ಬಂದು ಬಿಸಿಲಿನಲ್ಲಿ ನಿಂತರು. ಅರ್ಧ ಗಂಟೆ ಅಲುಗದೆ ಕೂತರೆ ಮಾತ್ರ ಅಳತೆ ಸರಿಯಾಗಿ ಬರುತ್ತಿತ್ತು. ಆಗ ನನಗೆ ವೆಲ್ಲಿಂಗಿರಿ ನೆನಪಾದರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಜೀವಮಾನ ಕಳೆದ ಮನುಷ್ಯ.

ಕೇಳಿದ್ದಕ್ಕೆ, "ಕುಂತ್ರೆ ಸಾಕಾ ಮೇಡಂ? ಏನೂ ಮಾಡೋದು ಬೇಡ್ವಾ?" ಎಂದರು.

"ಏನೂ ಬೇಡ. ಚಳಿ ತಡೀಬೇಕು."

"ಮನೇಲಿರೋದಕ್ಕಿಂತ ಜಾಸ್ತಿ ಇರುತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಪ್ಪಿಕೊಂಡರು. ಆ ಮಾತು ಏನೆಂದು ನನಗಾಗ ಅರ್ಥವಾಗಲಿಲ್ಲ.

ನಾವಿಬ್ಬರೂ ಕನ್ನಡದವರೆಂದು ಅವರಿಗೆ ಸಂತೋಷವಿತ್ತು. ನಮ್ಮ ಮನೆಯವರು ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿ ಮೇಷ್ಟ್ರು, ಗುಮಾಸ್ತರು. ಅವರ ಮನೆತನದವರು ಅದಕ್ಕೂ ಹಿಂದಿನಿಂದ ಕಾರಮಡೈಯಲ್ಲಿ ನೇಯುವವರು. "ನಿಮ್ದು ಬುಕ್ ಕನ್ನಡ, ನಮ್ದು ಮಗ್ಗದ ಕನ್ನಡ. ತಮಿಳು ನೂಲು ಜಾಸ್ತಿ ಸೇರ್ಬಿಟ್ಟದೆ" ಎನ್ನುತ್ತಿದ್ದರು. ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ.

ಶುರುವಿನಲ್ಲೇ ಒಂದು ಫಜೀತಿಯಾಯಿತು. ಕೋಣೆಯ ದಪ್ಪ ಬಾಗಿಲಿನಲ್ಲಿ ಒಂದು ಗಾಜಿನ ಕಿಂಡಿಯಿತ್ತು. ಕ್ಯಾಮೆರಾ ಹೊರಗಿಟ್ಟು ಆ ಕಿಂಡಿಯಿಂದಲೇ ನೋಡಬಹುದೆಂದು ಬಾಲಸುಬ್ರಮಣಿಯನ್ ಎಣಿಸಿದ್ದರು. ಪರದೆಯಲ್ಲಿ ವೆಲ್ಲಿಂಗಿರಿ ಕಾಣಲೇ ಇಲ್ಲ. ಅವರ ಜಾಗದಲ್ಲಿ ಮಸುಕಾಗಿ ಕಾಣುತ್ತಿದ್ದುದು ಬಾಲಸುಬ್ರಮಣಿಯನ್ನರ ಸ್ವಂತ ತಲೆಯೇ. ಬೆಳಕನ್ನು ಬಿಡುವ ಗಾಜು ಕಾವನ್ನು ಬಿಡುವುದಿಲ್ಲ, ಕನ್ನಡಿಯಂತೆ ನಮ್ಮದನ್ನೇ ನಮಗೆ ತಿರುಗಿಸುತ್ತದೆ. ಪುಸ್ತಕದಲ್ಲಿ ಓದಿ ಗೊತ್ತಿದ್ದರೂ ಮರೆತಿದ್ದೆವು. ಕಡೆಗೆ ಗಾಜು ತೆಗೆಸಿ, ಆ ತೂತಿಗೆ ತೆಳ್ಳನೆಯ ಪಾಲಿಥಿನ್ ಹಾಳೆ ಬಿಗಿದೆವು. ತೆಳು ಪಾಲಿಥಿನ್ನಿನ ಮೂಲಕ ಶಾಖ ದಾಟುತ್ತದೆ, ಚಳಿ ಗಾಳಿ ಮಾತ್ರ ಹೊರಗೆ ನುಗ್ಗುವುದಿಲ್ಲ. ಒಳಗಿನ ಸದ್ದೂ ದಾಟಿ ಬರುತ್ತದೆ ಎಂಬುದರ ಕಡೆಗೆ ಯಾರೂ ಗಮನ ಕೊಡಲಿಲ್ಲ.

ಮೊದಲ ದಿನ ಮುಗಿದ ಮೇಲೆ ವೆಲ್ಲಿಂಗಿರಿಯವರನ್ನು ಪರದೆಯ ಮುಂದೆ ಕರೆದೆ. ಅವರು ಎದ್ದು ಬಂದ ಬೆಂಚಿನ ಮೇಲೆ ಬಿಳಿಯ ಕಲೆಯೊಂದು ಇನ್ನೂ ಉಳಿದಿತ್ತು.

"ನಾನಿಲ್ಲಿ ಬಂದಾಯ್ತು. ಅದಿನ್ನೂ ಅಲ್ಲೇ ಕುಂತದೆ" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ಆಮೇಲೆ ಅವರು ದಿನವೂ ಪರದೆ ನೋಡತೊಡಗಿದರು. ಮೈಯ ಕಾವು ಸೋರುವುದು ಕತ್ತಿನ ಸುತ್ತ, ಮಣಿಕಟ್ಟಿನಲ್ಲಿ, ಕಂಬಳಿಯ ಹೊಲಿಗೆಯ ಗುಂಟ ಎಂದು ಬೇಗ ಗುರುತು ಹಿಡಿದರು. ಒಣಗಿದ್ದಕ್ಕಿಂತ ಒದ್ದೆಯಾದ ಕಂಬಳಿಯಲ್ಲಿ ಕಾವು ಬೇಗ ಸೋರುತ್ತದೆ ಎಂಬುದೂ ತಿಳಿಯಿತು. ಒಂದು ದಿನ ಹೇಳಿದರು: "ತಡೆಯೋದು ಉಣ್ಣೆ ಅಲ್ಲ ಮೇಡಂ. ಉಣ್ಣೆ ಒಳಗೆ ಸಿಕ್ಕಾಕೊಂಡಿರೋ ಗಾಳಿ. ಎರಡು ಪದರ ನೇಯ್ದು, ನಡುವೆ ಅಲ್ಲಲ್ಲಿ ಎಳೆ ಕೂಡಿಸ್ತೀನಿ. ಗಾಳಿ ಒಳಗೇ ಕುಂತಿರ್ಲಿ." ಎರಡು ವಾರದಲ್ಲಿ ನೇಯ್ದು ತಂದರು. ಪರದೆಯಲ್ಲಿ ಅದು ಹತ್ತಿರ ಹತ್ತಿರ ಗೋಡೆಯಷ್ಟೇ ಕಪ್ಪಗಿತ್ತು.

ಅವರ ಹೆಂಡತಿ ಪೆರಿಯನಾಯಕಿ ದಿನವೂ ಹನ್ನೊಂದರ ಬಸ್ಸಿಗೆ ಊಟ ತರುತ್ತಿದ್ದರು. ಎತ್ತರದ ಹೆಂಗಸು, ಮೂಗಿನ ಎರಡೂ ಕಡೆ ಮೂಗುಬೊಟ್ಟು. ಹಿಡಿಯಿರುವ ಊಟದ ತೂಕುಪಾತ್ರೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗುವರು. ವೆಲ್ಲಿಂಗಿರಿ ಎರಡು ಮಾರು ದೂರದಲ್ಲೇ ಇರುತ್ತಿದ್ದರು.

"ಊಟ ಬಂದದೆ ಅಂತ ಹೇಳಿ ಮೇಡಂ. ಹುರುಳಿ ಸಾರು. ಬಿಸಿ ಆರೋ ಮುಂಚೆ ತಿನ್ನಕ್ಕೆ ಹೇಳಿ."

"ಕೇಳಿಸ್ತು ಅಂತ ಹೇಳಿ ಮೇಡಂ" ಎನ್ನುವರು ಅವರು.

ಮೊದಲೆರಡು ದಿನ ನಾನು ತಮಾಷೆಯೆಂದುಕೊಂಡೆ. ಮೂರನೆಯ ದಿನ ಇಬ್ಬರ ಮುಖ ನೋಡಿದ ಮೇಲೆ ಅಲ್ಲವೆಂದು ಗೊತ್ತಾಯಿತು.

ಕಾರಣವನ್ನು ಪೆರಿಯನಾಯಕಿಯೇ ಒಂದು ಮಧ್ಯಾಹ್ನ ಹೇಳಿದರು. ವೆಲ್ಲಿಂಗಿರಿ ಒಳಗೆ ಕೂತಿದ್ದರು. ನಾವಿಬ್ಬರೂ ಹೊರಗಿನ ತೂಕದ ಯಂತ್ರದ ಬಳಿ ಬಿಸಿಲು ಕಾಯಿಸುತ್ತ ನಿಂತಿದ್ದೆವು.

ಅವರಿಗೆ ಒಬ್ಬಳೇ ಮಗಳು, ತಂಗಮಣಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕೆ ಹೋದಳು. ಅಲ್ಲಿ ಬಟ್ಟೆ ಕತ್ತರಿಸುವ ಕೆಲಸದ ಮಯಿಲ್‌ಸಾಮಿ ಎಂಬವನನ್ನು ಮೆಚ್ಚಿದಳು. ಬೇರೆ ಜಾತಿ. ಯಾವುದೋ ಗುಡಿಯಲ್ಲಿ ಮಾಲೆ ಬದಲಿಸಿ ಮದುವೆಯಾಗಿ, ಅದೇ ಮಾಲೆಯಲ್ಲಿ ಕಾರಮಡೈಗೆ ಬಂದು ಬಾಗಿಲಲ್ಲಿ ನಿಂತಳು. ವೆಲ್ಲಿಂಗಿರಿ ಬಾಗಿಲು ಮುಚ್ಚಿದರು. ಇನ್ನು ಮೇಲೆ ಈ ಮನೆಯಲ್ಲಿ ಆ ಹೆಸರು ಯಾರೂ ಎತ್ತಬಾರದು ಎಂದರು.

"ನಾನು ಅಡಿಗೆ ಮನೇಲಿದ್ದೆ ಮೇಡಂ. ಓಡಿ ಬರೋ ಹೊತ್ಗೆ ಬಾಗ್ಲು ಮುಚ್ಚಿತ್ತು. ತೆಗೆದು ಬೀದಿ ಕೊನೇವರ್ಗೂ ಓಡ್ದೆ. ಬಸ್ಸು ಹತ್ಬಿಟ್ಟಿದ್ಲು. ವಾಪಸ್ ಬಂದು ಹೇಳ್ದೆ, ಆ ಹೆಸ್ರು ನಿಮ್ ಬಾಯಲ್ಲಿ ಬರೋವರ್ಗೂ ನನ್ ಬಾಯಿಂದ ನಿಮ್ಗೆ ಒಂದು ಮಾತು ಇಲ್ಲ ಅಂತ."

"ಎಷ್ಟು ದಿನ ಆಯ್ತು?"

"ಆಡಿ ತಿಂಗ್ಳು ಬಂದ್ರೆ ಮೂರು ವರ್ಷ."

"ನೀವಾದರೂ ತಿರುಪ್ಪೂರಿಗೆ ಹೋಗಬಹುದಿತ್ತಲ್ಲ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಒಬ್ಳೇ ಹೋದ್ರೆ ಅವ್ರಿಲ್ಲದ ಮನೆಯಿಂದ ಹೋದಂಗಾಗುತ್ತೆ. ಅವಳು ಕೇಳೋದು ನನ್ನ ಅಲ್ಲ, ಅಪ್ಪನ್ನ." ಸುತ್ತಿದ್ದನ್ನು ಬಿಚ್ಚುತ್ತ, "ನನ್ಗೇನೂ ಕೋಪ ಇಲ್ಲ ಮೇಡಂ. ಮಾತಾಡ್ಬೇಕು ಅಂತ ಆಸೆ. ಹೆಂಗೆ ಶುರು ಮಾಡೋದು ಅಂತ ಮರ್ತೇ ಹೋಯ್ತು" ಎಂದರು.

ಅದೇ ವಾರ ಅಲ್ಯೂಮಿನಿಯಂ ಬಳಿದ ಒಂದು ತೆಳು ಹಾಳೆ ಪರೀಕ್ಷೆಗೆ ಬಂತು. ಸಿಗರೇಟು ಪ್ಯಾಕಿನ ಒಳಗಿನ ಬೆಳ್ಳಿ ಕಾಗದದಂತೆ ಫಳಫಳ. ವೆಲ್ಲಿಂಗಿರಿಯವರನ್ನು ತಲೆಯಿಂದ ಕಾಲಿನವರೆಗೆ ಅದರಲ್ಲಿ ಮುಚ್ಚಿದೆವು. ಊಟ ತಂದಿದ್ದ ಪೆರಿಯನಾಯಕಿ ಪರದೆಯ ಹತ್ತಿರ ಬಂದು ಇಣುಕಿದರು. ಅಷ್ಟು ದಿನ ಅವರು ಅದರ ಕಡೆ ನೋಡಿಯೇ ಇರಲಿಲ್ಲ.

ಪರದೆಯಲ್ಲಿ ಗೋಣಿಗಳು, ಗೋಡೆ, ಬೆಂಚು. ಮನುಷ್ಯ ಇಲ್ಲ.

"ಎಲ್ಲಿ ಹೋದ್ರು?" ಎಂದರು. ದನಿ ಬದಲಾಗಿತ್ತು.

"ಅಲ್ಲೇ ಇದ್ದಾರೆ. ಆ ಹಾಳೆಯೊಳಗೆ."

"ಇಲ್ವೇ ಇಲ್ಲ! ಏನಾಯ್ತು ನೋಡಿ ಮೇಡಂ, ಮೈ ತಣ್ಗಾಗಿಬಿಟ್ಟದಾ?" ಬಾಗಿಲಿನ ಹಿಡಿಕೆಗೆ ಕೈ ಹಾಕಿಯೇ ಬಿಟ್ಟರು.

ನಾನು ಕೈ ಹಿಡಿದುಕೊಂಡೆ. "ತಣ್ಣಗಾಗಿಲ್ಲಮ್ಮ. ಬೇರೆ ದಿನಕ್ಕಿಂತ ಬೆಚ್ಚಗೇ ಇದ್ದಾರೆ. ಹೊಳೆಯೋ ಲೋಹ ಮೈಕಾವನ್ನ ಹೊರಗೆ ಬಿಡಲ್ಲ, ಒಳಗೇ ತಿರುಗಿಸುತ್ತೆ. ಆಚೆಯಿಂದ ನೋಡೋರಿಗೆ ಗೋಡೆಯ ತಂಪೇ ಅದರ ಮೇಲೆ ಕಾಣುತ್ತೆ."

ನಂಬಲಿಲ್ಲ. ಹಾಳೆ ತೆಗೆದು, ಬೆವರಿನ ಹಣೆಯ ವೆಲ್ಲಿಂಗಿರಿ ಹೊರಗೆ ಬರುವವರೆಗೂ ಬಾಗಿಲಿನ ಬಳಿಯೇ ನಿಂತಿದ್ದರು. ಬಂದವರ ತೋಳನ್ನು ಹಿಂಗೈಯಿಂದ ಒಮ್ಮೆ ಮುಟ್ಟಿ ನೋಡಿದರು, ಜ್ವರ ನೋಡುವಂತೆ. ಆವತ್ತು ಊಟ ಬಂದಿದೆಯೆಂದು ನನ್ನ ಮೂಲಕ ಹೇಳಿಸಲಿಲ್ಲ.

ಕಡೆಯ ವಾರದಲ್ಲಿ ಬಾಲಸುಬ್ರಮಣಿಯನ್ ಹೊಸ ಪರೀಕ್ಷೆಯೊಂದನ್ನು ಸೇರಿಸಿದರು. ಹಿಮದಲ್ಲಿ ಸಿಕ್ಕಿಬಿದ್ದರೆ ಇಬ್ಬರು ಒಂದೇ ಕಂಬಳಿ ಹೊದೆಯಬೇಕಾಗಬಹುದು, ಒಬ್ಬರಿದ್ದಾಗ ಮತ್ತು ಇಬ್ಬರಿದ್ದಾಗ ಸೋರುವ ಕಾವಿನಲ್ಲಿ ವ್ಯತ್ಯಾಸ ಎಷ್ಟು ಎಂದು ಅಳೆಯಬೇಕು ಎಂದರು. ಜೊತೆಗೆ ಕೂರುವವರು ಯಾರು? ನಮ್ಮ ಗಂಡಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಬಾಲಸುಬ್ರಮಣಿಯನ್ ಪೆರಿಯನಾಯಕಿಯವರ ಕಡೆ ತಿರುಗಿ ತಮಿಳಿನಲ್ಲಿ, "ನೀವೇ ಕೂತುಬಿಡಿ ಅಮ್ಮಾ, ಗಂಡ ಹೆಂಡತಿ ತಾನೆ" ಎಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ.

ಪೆರಿಯನಾಯಕಿ ಒಂದು ಗಳಿಗೆ ನೆಲ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಬಿಗಿದುಕೊಂಡು, ನನ್ನ ಕಡೆ ನೋಡಿ, "ಕೆಲ್ಸ ಅಂದ್ಮೇಲೆ ಕೂರ್ತೀನಿ" ಎಂದರು.

ಬೆಂಚಿನ ಮೇಲೆ ಅಕ್ಕಪಕ್ಕ ಕೂರಿಸಿ, ವೆಲ್ಲಿಂಗಿರಿ ತಾವೇ ನೇಯ್ದ ಆ ಎರಡು ಪದರದ ಕಂಬಳಿಯನ್ನು ಹೊದಿಸಿದೆ. ಅಲುಗಬೇಡಿ ಎಂದು ಹೇಳಿ ಬಾಗಿಲು ಎಳೆದುಕೊಂಡೆ. ಬಾಲಸುಬ್ರಮಣಿಯನ್ ಸಾರಜನಕ ತರಲು ವ್ಯಾನಿನಲ್ಲಿ ಕೊಯಮತ್ತೂರಿಗೆ ಹೊರಟರು. ಪರದೆಯ ಮುಂದೆ ನಾನೊಬ್ಬಳೇ.

ಎರಡು ಬೆಳ್ಳನೆಯ ಮುಖಗಳು. ಕೆಳಗೆ ಕಂಬಳಿಯ ಕಪ್ಪು. ಇಬ್ಬರ ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಕಂಬಳಿ ಇಳಿಬಿದ್ದು, ಅಲ್ಲಿ ಇನ್ನೂ ಗಾಢವಾದ ಕಪ್ಪು ಪಟ್ಟೆ. ಐದು ನಿಮಿಷಕ್ಕೊಮ್ಮೆ ಗುರುತು ಹಾಕಿಕೊಳ್ಳುತ್ತ ಹೋದೆ. ಹತ್ತು ನಿಮಿಷ. ಹದಿನೈದು.

ಆಗ ಪಾಲಿಥಿನ್ನಿನ ಆಚೆಯಿಂದ ವೆಲ್ಲಿಂಗಿರಿಯವರ ದನಿ ಕೇಳಿಸಿತು.

"ಪುಳ್ಳೆ. ಕಾಲು ಕುಳಿರ್ತದಾ?"

ಪುಳ್ಳೆ ಎಂದರೆ ಆ ಸೀಮೆಯಲ್ಲಿ ಹೆಂಡತಿಯನ್ನು ಸಲಿಗೆಯಿಂದ ಕರೆಯುವ ಮಾತು. ಕುಳಿರು ಎಂದರೆ ಚಳಿ.

ನಾನು ಎದ್ದು ಹೋಗಬೇಕಿತ್ತು. ಇಲ್ಲಿ ಎಲ್ಲ ಕೇಳಿಸುತ್ತದೆ ಎಂದಾದರೂ ಕೂಗಿ ಹೇಳಬೇಕಿತ್ತು. ಎರಡೂ ಮಾಡಲಿಲ್ಲ. ಕೂಗಿದರೆ ಇನ್ನು ಅವರು ಎಂದಿಗೂ ಮಾತಾಡುವುದಿಲ್ಲ ಎನ್ನಿಸಿತು. ಇಂದಿಗೂ ಅದಕ್ಕೆ ನನ್ನ ಬಳಿ ಬೇರೆ ಸಮಜಾಯಿಷಿ ಇಲ್ಲ.

"ತಂಗಮಣಿ ಹುಟ್ಟಿದ ಮಾರ್ಗಳಿ ತಿಂಗಳಲ್ಲಿ ಹಿಂಗೇ ಇತ್ತು ಕುಳಿರು" ಎಂದರು ಅವರು. "ಮಗ್ಗದ ಗುಂಡೀಲಿ ಗೋಣಿ ಹಾಸಿ ಮಲಗಿಸ್ದೋ."

ಹೆಸರು ಹೇಳಿಬಿಟ್ಟಿದ್ದರು. ಪರದೆಯಲ್ಲಿ ಪೆರಿಯನಾಯಕಿಯವರ ಮುಖ ಅಲುಗಲಿಲ್ಲ. ಅಲುಗಬಾರದೆಂದು ನಾನೇ ಹೇಳಿದ್ದೆನಲ್ಲ. ಬೆಳ್ಳಗಿದ್ದ ಕೆನ್ನೆಯ ಮೇಲೆ, ಕಣ್ಣಿನ ಮೂಲೆಯಿಂದ, ಬೂದು ಬಣ್ಣದ ಗೆರೆಯೊಂದು ಮೆಲ್ಲಗೆ ಇಳಿದು ಕಪ್ಪಾಯಿತು. ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣೀರು ಬಿಸಿಯಾಗಿ ಹೊರಟು, ಚಳಿಯಲ್ಲಿ ಆರುತ್ತ ತಣ್ಣಗಾಗಿಬಿಡುತ್ತದೆ.

"ಇನ್ನೊಂದ್ಸಲ ಹೇಳಿ" ಎಂದರು ಆಕೆ.

"ತಂಗಮಣಿ."

"ಮೂರು ವರ್ಷ ಬೇಕಾಯ್ತಾ?"

"ಪುಳ್ಳೆ, ನಾನು ತಿರುಪ್ಪೂರಿಗೆ ಹೋಗಿದ್ದೆ."

"ಯಾವಾಗ?"

"ಮೂರು ಸಲ ಹೋದೆ. ನೂಲು ತರಕ್ಕೆ ಅಂತ ಹೇಳಿ ಹೋದೆ. ಕಂಪನಿ ಎದ್ರಿಗೆ ಒಂದು ಬೇವಿನ ಮರ ಅದೆ. ಅಲ್ಲಿ ನಿಂತಿದ್ದೆ. ಐದೂವರೆಗೆ ಬಿಡ್ತಾರೆ. ಎಲ್ಲ ಹುಡುಗೀರ ಜೊತೆ ಹೊರಗೆ ಬಂದ್ಲು."

"ನೋಡಿದ್ರಾ? ಮಾತಾಡ್ಸಿದ್ರಾ?"

"ಇಲ್ಲ."

"ಬಂದು ನನ್ಗೂ ಹೇಳಿಲ್ಲ!" ಈಗ ಆಕೆಯ ದನಿ ಎದ್ದಿತು. "ನಾನಿಲ್ಲಿ ಒಲೆ ಮುಂದೆ ಕುಂತು ಅವಳು ಬದುಕವಳೋ ಸತ್ತವಳೋ ಅಂತ ಬೇಯ್ತಿದ್ರೆ, ನೋಡ್ಕೊಂಬಂದು ಉಂಡು ಮಲಗಿದ್ರಾ? ಹೆಂಗವಳೆ? ಇಳಿದೋಗವಳಾ?"

"ಸ್ವಲ್ಪ ಇಳಿದವಳೆ." ಆಮೇಲೆ ದನಿ ತಗ್ಗಿಸಿ, "ಕಡೇ ಸಲ ಹೋದಾಗ ಸೊಂಟದಲ್ಲಿ ಪಾಪ ಇತ್ತು. ಗೇಟಿನ ಹತ್ರ ಯಾರೋ ಹೆಂಗಸು ಎತ್ಕೊಂಡು ನಿಂತಿದ್ರು, ಇವಳು ಬಂದು ಇಸ್ಕೊಂಡ್ಲು" ಎಂದರು.

ಒಬ್ಬರು ಇನ್ನೊಬ್ಬರ ಕಡೆ ಸರಿದಿರಬೇಕು, ಯಾರು ಎಂದು ನಾನು ನೋಡಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮತ್ತೆ ನೋಡಿದಾಗ ನಡುವಿನ ಕಪ್ಪು ಪಟ್ಟೆ ಇರಲಿಲ್ಲ. ಕಂಬಳಿಯ ಮೇಲಂಚು ಜಾರಿ ಎರಡು ಭುಜಗಳು ಬೆಳ್ಳಗೆ ಬೆಳಗುತ್ತಿದ್ದವು. ಅಳತೆ ಪೂರ್ತಿ ಹಾಳಾಗಿತ್ತು. ಪುಸ್ತಕದಲ್ಲಿ "ಕುಳಿತವರು ಅಲುಗಿದ್ದರಿಂದ ಈ ಪರೀಕ್ಷೆ ಲೆಕ್ಕಕ್ಕಿಲ್ಲ" ಎಂದು ಬರೆದು ಗೀಟು ಹಾಕಿದೆ. ಅರ್ಧ ಗಂಟೆ ಕಳೆದ ಮೇಲೂ ಹತ್ತು ನಿಮಿಷ ಬಿಟ್ಟು ಬಾಗಿಲು ತೆರೆದೆ.

ಆ ಭಾನುವಾರ ಇಬ್ಬರೂ ತಿರುಪ್ಪೂರಿಗೆ ಹೋದರು. ಮುಂದಿನದನ್ನು ಪೆರಿಯನಾಯಕಿ ಬಂದು ಹೇಳಿದ್ದು.

ಬನಿಯನ್ ಕಂಪನಿಯ ಕಾವಲುಗಾರನನ್ನು ವಿಚಾರಿಸಿ ಸಾಲು ಮನೆಗಳ ಒಂದು ಓಣಿ ಹುಡುಕಿದರು. ಮಗಳ ಮನೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯ ಪಳನಿಯಮ್ಮ ಎಂಬಾಕೆ ಒಳಗೆ ಕರೆದು ಚಾಪೆ ಹಾಕಿದರು. ಕಂಪನಿಯ ಗೇಟಿನಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುತ್ತಿದ್ದವರು ಅವರೇ. ಮಯಿಲ್‌ಸಾಮಿಗೆ ಲೂಧಿಯಾನಾದ ಉಣ್ಣೆ ಸ್ವೆಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿ, ಎರಡು ತಿಂಗಳ ಹಿಂದೆ ಮೂವರೂ ಹೋಗಿಬಿಟ್ಟಿದ್ದರು.

"ನೀವು ಬೇವಿನ ಮರದ ಕೆಳಗೆ ನಿಂತಿದ್ದವರಲ್ವಾ?" ಎಂದು ಪಳನಿಯಮ್ಮ ವೆಲ್ಲಿಂಗಿರಿಯವರನ್ನು ಕೇಳಿದರಂತೆ.

ಅವರು ತಲೆ ಎತ್ತಿದರು.

"ಅವಳು ನೋಡಿದ್ಲು. ಮೂರು ಸಲವೂ ನೋಡಿದ್ಲು. ಹೋಗಿ ಮಾತಾಡ್ಸು ಅಂದ್ರೆ, ಬೇಡ ಅಕ್ಕ, ನಾನು ತಿರುಗಿ ನೋಡಿದ್ರೆ ಅಪ್ಪ ಹೊರಟೋಗ್ತಾರೆ, ನೋಡ್ದೆ ಇದ್ರೆ ಇನ್ನೊಂದು ಗಳಿಗೆ ನಿಂತಿರ್ತಾರೆ ಅಂದ್ಲು. ಕಡೇ ಸಲ ಪಾಪನ್ನ ನನ್ ಕೈಯಿಂದ ಇಸ್ಕೊಂಡು, ನಿಮ್ಗೆ ಮುಖ ಕಾಣೋ ಹಂಗೆ ತಿರುಗಿಸಿ ಹಿಡ್ಕೊಂಡು ನಿಂತ್ಲಲ್ಲ, ಗೊತ್ತಾಗ್ಲಿಲ್ವಾ?"

ವಾಪಸು ಬಸ್ಸು ಅವಿನಾಶಿ ಊರನ್ನು ದಾಟಿದ ಮೇಲೆ ವೆಲ್ಲಿಂಗಿರಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರಂತೆ. "ಮಗಳು ಹೋದ ದಿನಾನೂ ಅತ್ತಿರಲಿಲ್ಲ ಮೇಡಂ. ನಾನು ಬೆನ್ನು ಸವರ್ತಾ ಕುಂತಿದ್ದೆ" ಎಂದರು ಪೆರಿಯನಾಯಕಿ.

ಕ್ಯಾಮೆರಾ ವಾಪಸು ಹೋಯಿತು. ವರದಿಯಲ್ಲಿ ವೆಲ್ಲಿಂಗಿರಿಯವರ ನೇಯ್ಗೆಗೆ ಎರಡನೆಯ ಸ್ಥಾನ ಬಂತು. ಕಾವು ಚೆನ್ನಾಗಿ ತಡೆಯುತ್ತದೆ, ಆದರೆ ಹೊತ್ತು ನಡೆಯಲು ಭಾರ ಎಂದು ಬರೆದರು. ಮಾದರಿಗಳನ್ನು ವಿಲೇವಾರಿ ಮಾಡುವಾಗ ಬಾಲಸುಬ್ರಮಣಿಯನ್ ಆ ಕಂಬಳಿಯನ್ನು ಅವರಿಗೇ ಕೊಡಿಸಿದರು. ಪಳನಿಯಮ್ಮನ ಬಳಿಯಿದ್ದ ವಿಳಾಸವನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಕಂಬಳಿಯನ್ನು ಹಳೆಯ ಪಂಚೆಯಲ್ಲಿ ಹೊಲಿದು ಪಾರ್ಸೆಲ್ ಮಾಡಿದರು. ಒಳಗೆ ಕಾಗದ ಇಡಲಿಲ್ಲವೇ ಎಂದು ಕೇಳಿದೆ. "ಅವಳಿಗೆ ನನ್ನ ನೇಯ್ಗೆ ಗೊತ್ತು" ಎಂದರು.

ತಿಂಗಳ ಮೇಲೆ ಉತ್ತರ ಬಂತು, ತಮಿಳಿನಲ್ಲಿ, ನಾಲ್ಕು ಸಾಲು. ಕಂಬಳಿ ಬಂದಿದೆ. ಇಲ್ಲಿ ನೀರು ಮುಟ್ಟಲಾಗದಷ್ಟು ಚಳಿ. ಪಾಪ ಅದರಲ್ಲೇ ಮಲಗುತ್ತಾಳೆ. ಅಮ್ಮನ ಮಂಡಿ ನೋವು ಹೇಗಿದೆ? ಅಪ್ಪನ ಬಗ್ಗೆ ಏನೂ ಕೇಳಿರಲಿಲ್ಲ. ಆದರೆ ವಿಳಾಸದ ಜಾಗದಲ್ಲಿ ಅವರ ಹೆಸರನ್ನೇ ಬರೆದಿದ್ದಳು.

ಹೋಗಬೇಕು ಹೋಗಬೇಕು ಎಂದು ಎರಡು ವರ್ಷ ಕಳೆಯಿತು. ಪಂಜಾಬಿನಿಂದ ಪೇಪರಿನಲ್ಲಿ ಕೆಟ್ಟ ಸುದ್ದಿಗಳೇ ಬರುತ್ತಿದ್ದವು. ಕಾಗದ ಬರುವುದು ತಡವಾದರೆ ವೆಲ್ಲಿಂಗಿರಿ ಬಟ್ಟೆಯ ನೆಪದಲ್ಲಿ ನಮ್ಮ ಆಫೀಸಿಗೆ ಬಂದು, ತಮಿಳು ಪೇಪರು ತಿರುವಿ, ಲೂಧಿಯಾನಾ ಎಂಬ ಹೆಸರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗುವರು. ಕಡೆಗೆ ಎಂಬತ್ತೆಂಟರ ಮಾರ್ಗಳಿ ತಿಂಗಳಲ್ಲಿ ಹೊರಟರು. ಈರೋಡಿನಿಂದ ಆಚೆ ಹೋಗದವರು ಮೂರು ದಿನದ ಪ್ರಯಾಣಕ್ಕೆ ಮುರುಕು, ಹುಳಿಯನ್ನ ಕಟ್ಟಿಕೊಂಡು ರೈಲು ಹತ್ತಿದರು. ಕಳಿಸಲು ನಾನು ಜಂಕ್ಷನ್ನಿಗೆ ಹೋಗಿದ್ದೆ. ಪೆರಿಯನಾಯಕಿ ಕಿಟಕಿಯ ಸರಳು ಹಿಡಿದು, "ಆ ಪಾಪಕ್ಕೆ ನಮ್ ಮಾತು ಬರುತ್ತಾ ಮೇಡಂ?" ಎಂದು ಕೇಳಿದರು. ತಂಗಮಣಿ ಮನೆಯಲ್ಲಿ ಹೇಳಿಕೊಟ್ಟಿರುತ್ತಾಳೆ ಎಂದೆ. ನನಗೇನು ಗೊತ್ತಿತ್ತು?

ಒಂದು ತಿಂಗಳಿದ್ದು ಬಂದರು. ಬಂದ ವಾರವೇ ವೆಲ್ಲಿಂಗಿರಿ ಆಫೀಸಿಗೆ ಬಂದರು. ಕೂರಲು ಹೇಳಿದರೆ ಎಂದೂ ಕೂರದವರು ಅಂದು ತಾವೇ ಕುರ್ಚಿ ಎಳೆದುಕೊಂಡರು.

"ಹುಡುಗ ಸ್ಟೇಷನ್ನಿಗೆ ಬಂದಿದ್ದ. ನನ್ ಕೈಯಿಂದ ಗಂಟು ಇಸ್ಕೊಂಡ. ಒಳ್ಳೆ ಹುಡುಗ ಮೇಡಂ, ಬಟ್ಟೆ ಬಗ್ಗೆ ಗೊತ್ತು."

"ತಂಗಮಣಿ?"

"ಬಾಗ್ಲಲ್ಲಿ ನಿಂತಿದ್ಲು. ಒಳಗೆ ಬಾಪ್ಪ ಅಂದ್ಲು. ಅಷ್ಟೇ. ಹಳೇದೇನೂ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತೇನೋ." ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನೋಡುತ್ತ ಕೂತರು. "ಅಪ್ಪ ತಪ್ಪು ಮಾಡ್ಬಿಟ್ಟೆ ಅಂತ ಒಂದ್ ಮಾತು. ದಿನಾ ಬೆಳಿಗ್ಗೆ ಎದ್ದು ಇವತ್ತು ಹೇಳೋಣ ಅನ್ಕೊಳ್ತಿದ್ದೆ."

"ಪಾಪ ಹೇಗಿದ್ದಾಳೆ?"

ಆಗ ಅವರ ಮುಖ ಬಿರಿಯಿತು. "ನಮ್ ಮಾತು ಬರಲ್ಲ ಮೇಡಂ. ಹಿಂದಿ, ಸ್ವಲ್ಪ ತಮಿಳು. ಮೊದಲು ಹತ್ತು ದಿನ ನನ್ ಹತ್ರಾನೇ ಬರಲಿಲ್ಲ. ಬಾಗ್ಲ ಹಿಂದೆ ನಿಂತು ನೋಡೋಳು. ನಾನೂ ಕರೀಲಿಲ್ಲ, ಸುಮ್ನೆ ಕುಂತಿದ್ದೆ. ಹನ್ನೊಂದನೇ ದಿನ ತಾನೇ ಬಂದು ತೊಡೆ ಮೇಲೆ ಕುಂತ್ಲು. ಆಮೇಲೆ ಇಳೀಲೇ ಇಲ್ಲ. ಊಟಕ್ಕೂ ಅಲ್ಲೇ, ನಿದ್ದೆಗೂ ಅಲ್ಲೇ. ಪುಳ್ಳೆ ಅವಳಿಗೆ ಅಕ್ಕಿ, ಹಾಲು, ಕೈ, ಕಾಲ್ ಅಂತ ಒಂದೊಂದೇ ಹೇಳಿಕೊಟ್ಳು. ಎಲ್ಲ ಸೇರಿ ಇಪ್ಪತ್ತು ಮಾತು ಬಂದಿತ್ತು. ಅಷ್ಟರಲ್ಲಿ ಟಿಕೆಟ್ ದಿನ ಬಂತು."

ಕಾಫಿ ತರಿಸಿದೆ. ಕುಡಿದು, ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ಕ್ಯಾಲೆಂಡರಿನ ಬಳಿ ಹೋಗಿ ನಿಂತರು. ಒಂದೊಂದೇ ಹಾಳೆ ಎತ್ತಿ ನೋಡಿದರು.

"ಅಲ್ಲಿ ಚಳಿ ಯಾವಾಗ ಬಿಡುತ್ತೆ ಮೇಡಂ? ಪುಳ್ಳೆ ಆಗ್ಲೇ ಮುರುಕಿಗೆ ಅಕ್ಕಿ ನೆನೆಹಾಕ್ತೀನಿ ಅಂತಾಳೆ."

"ಈಗಷ್ಟೇ ಬಂದಿದ್ದೀರಲ್ಲ!"

"ಹೌದು" ಎಂದರು, ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ. "ಇಪ್ಪತ್ತು ಮಾತು ಎಷ್ಟು ದಿನ ನೆನಪಿರುತ್ತೆ, ನೀವೇ ಹೇಳಿ."